ಮಿದುಳಿನ ಒಳಮನೆ: ಥಲಾಮಸ್ ಮತ್ತು ಸ್ಮರಣಶಕ್ತಿ

ಮಾನವ ಶರೀರದ ಅಂಗಗಳಲ್ಲಿ ಮಿದುಳಿನಷ್ಟು ಜಟಿಲವಾದುದು ಮತ್ತೊಂದಿಲ್ಲ. ಅದರ ಅಧ್ಯಯನಕ್ಕೆ ಚೆನ್ನೈ ನಗರವೇ ಒಂದು ಪ್ರಮುಖ ನೆಲೆಯಾಗಿದೆಯೆಂಬುದು ಇಲ್ಲಿನ ಕನ್ನಡಿಗರಲ್ಲಿ ಅನೇಕರಿಗೆ ತಿಳಿದಿರಲಾರದು. ವೇಲಚೇರಿಗೆ ತಾಗಿಕೊಂಡಿರುವ ಐ.ಐ.ಟಿ. ಮದ್ರಾಸಿನ ಆವರಣದಲ್ಲಿ, ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಅವರ ಪತ್ನಿಯ ಉದಾರ ನೆರವಿನಿಂದ, ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರವು 2022ರಲ್ಲಿ ಆರಂಭವಾಯಿತು. ಮಿದುಳನ್ನು ಕೂದಲೆಳೆಗಿಂತಲೂ ತೆಳುವಾದ ಪದರಗಳನ್ನಾಗಿ ಸೀಳಿ, ಒಂದೊಂದರ ಚಿತ್ರವನ್ನೂ ತೆಗೆದು, ಗಣಕಯಂತ್ರದಲ್ಲಿ ಮರಳಿ ಜೋಡಿಸುವುದು ಅಲ್ಲಿನ ಕಾರ್ಯ. 2024ರ ಡಿಸೆಂಬರಿನಲ್ಲಿ ‘ಧರಣಿ’ ಎಂಬ ಹೆಸರಿನಿಂದ ಭ್ರೂಣದ ಮಿದುಳಿನ 5,132 ಸೀಳುಗಳ ಚಿತ್ರಸಂಪುಟವನ್ನು ಕೇಂದ್ರವು ಪ್ರಕಟಿಸಿತು.

ಇಂತಹ ಚಿತ್ರಗಳಲ್ಲಿ ಮಿದುಳಿನ ನಡುಮಧ್ಯದಲ್ಲಿ, ಎಡಬಲಗಳಲ್ಲಿ ಒಂದೊಂದರಂತೆ, ಮೊಟ್ಟೆಯಾಕಾರದ ಎರಡು ಗುಂಪುಗಳು ಕಾಣುತ್ತವೆ. ಇವೇ ಥಲಾಮಸ್. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಒಳಕೋಣೆ ಎಂದರ್ಥ. ವಯಸ್ಕರಲ್ಲಿ ಇದರ ಉದ್ದ ಸುಮಾರು 3 ಸೆಂಟಿಮೀಟರು ಮಾತ್ರ.

ವಿಂಗಡಣೆಯ ಕಾರ್ಯ

ಹಿಂದೆ ನಗರದ ಎಲ್ಲ ಬ್ಯಾಂಕುಗಳ ಚೆಕ್ಕುಗಳೂ ಕ್ಲಿಯರಿಂಗ್ ಹೌಸಿನಲ್ಲಿ ಕೂಡಿ, ವಿಂಗಡಣೆಗೊಂಡು, ಆಯಾ ಬ್ಯಾಂಕನ್ನು ಸೇರುತ್ತಿದ್ದವು. ಅಂತೆಯೇ ಕಣ್ಣು, ಕಿವಿ, ನಾಲಗೆ, ಚರ್ಮಗಳಿಂದ ಬರುವ ಸಂದೇಶಗಳು ಥಲಾಮಸಿನಲ್ಲಿ ವಿಂಗಡಣೆಗೊಂಡೇ ಮಿದುಳಿನ ಹೊರಪದರವನ್ನು ಮುಟ್ಟುತ್ತವೆ. ವಾಸನೆಯೊಂದೇ ಈ ದಾರಿಯನ್ನು ಬಳಸದೆ ನೇರವಾಗಿ ಹೊರಪದರಕ್ಕೆ ಹೋಗಬಲ್ಲುದು.

ಆದರೆ ಥಲಾಮಸ್ ಕೇವಲ ರವಾನೆಯ ಕಚೇರಿಯಲ್ಲ. ಇದು ಹೊರಪದರಕ್ಕೆ ಕಳುಹಿಸುವ ತಂತುಗಳಿಗಿಂತ ಅಲ್ಲಿಂದ ಇದಕ್ಕೆ ಹಿಂದಿರುಗುವ ತಂತುಗಳು ಹಲವು ಪಟ್ಟು ಹೆಚ್ಚು. ಯಾವ ಸಂದೇಶಕ್ಕೆ ಗಮನ ಕೊಡಬೇಕು, ಯಾವುದನ್ನು ತಡೆಯಬೇಕು ಎಂಬುದು ಈ ಕೊಡುಕೊಳೆಯಲ್ಲಿ ನಿರ್ಧಾರವಾಗುತ್ತದೆ. ಥಲಾಮಸನ್ನು ಸುತ್ತುವರಿದ ಜೀವಕೋಶಗಳ ತೆಳುಹೊದಿಕೆಯು ಗಮನವನ್ನು ಹರಿಸುವ ಶೋಧದೀಪದಂತೆ ಕೆಲಸಮಾಡುತ್ತಿರಬಹುದೆಂದು ಫ್ರಾನ್ಸಿಸ್ ಕ್ರಿಕ್ 1984ರಲ್ಲಿ ಸೂಚಿಸಿದರು.

ನೆನಪಿನ ಸರಪಳಿ

ಹೊಸ ನೆನಪುಗಳನ್ನು ಕೂಡಿಡುವ ಹಿಪ್ಪೊಕ್ಯಾಂಪಸಿನಿಂದ ಹೊರಟ ತಂತುಗಳು ಥಲಾಮಸಿನ ಮುಂಭಾಗದ ಮೂಲಕ ಹೊರಪದರಕ್ಕೆ ಸಾಗುವ ವರ್ತುಲವನ್ನು ಅಮೆರಿಕದ ಜೇಮ್ಸ್ ಪೇಪೆಜ್ 1937ರಲ್ಲಿ ವಿವರಿಸಿದರು. ಭಾವನೆಗಳ ಮೂಲವೆಂದು ಅವರು ಭಾವಿಸಿದ್ದ ಆ ವರ್ತುಲವು ನೆನಪಿಗೆ ಅತ್ಯಗತ್ಯವೆಂಬುದು ಕ್ರಮೇಣ ತಿಳಿದುಬಂದಿತು. 1960ರಲ್ಲಿ ಅಮೆರಿಕದ ವಾಯುಸೇನೆಯ ಯುವಕನೊಬ್ಬನ ಮೂಗಿನ ಮೂಲಕ ಆಟದ ಕತ್ತಿಯೊಂದು ಮಿದುಳನ್ನು ಹೊಕ್ಕು ಎಡ ಥಲಾಮಸಿಗೂ ಅದರ ನೆರೆಯ ಭಾಗಗಳಿಗೂ ಪೆಟ್ಟಾಯಿತು. ಆತನ ಬುದ್ಧಿಶಕ್ತಿ ಕುಂದಲಿಲ್ಲ. ಹಳೆಯ ನೆನಪುಗಳೂ ಬಹುಮಟ್ಟಿಗೆ ಉಳಿದವು. ಆದರೆ ಹೊಸದಾಗಿ ಕೇಳಿದ, ಓದಿದ ಮಾತುಗಳು ಮನಸ್ಸಿನಲ್ಲಿ ನಿಲ್ಲದಾದವು.

ಆಹಾರ ಮತ್ತು ಮರೆವು

ಬಿ-1 ಜೀವಸತ್ವವಾದ ಥಯಾಮಿನ್ನಿನ ತೀವ್ರ ಕೊರತೆಯೂ ಥಲಾಮಸನ್ನು ಕೆಡಿಸುತ್ತದೆ. ಅತಿಯಾದ ಮದ್ಯಪಾನ, ದೀರ್ಘಕಾಲದ ವಾಂತಿ, ನಿರಾಹಾರ ಇವು ಇದಕ್ಕೆ ಕಾರಣಗಳು. ರಷ್ಯದ ವೈದ್ಯ ಕೊರ್ಸಕೋಫ್ 1887ರಲ್ಲಿ ವರ್ಣಿಸಿದ ಈ ವ್ಯಾಧಿಯಲ್ಲಿ ರೋಗಿಯು ನಡೆಯದ ಸಂಗತಿಗಳನ್ನು ನಡೆದವೆಂದೇ ನಂಬಿ ಹೇಳುತ್ತಾನೆ. ಅದು ಸುಳ್ಳಾಡುವ ಸ್ವಭಾವವಲ್ಲ, ರೋಗದ ಲಕ್ಷಣ. ಆರಂಭದಲ್ಲಿಯೇ ಥಯಾಮಿನ್ ಚುಚ್ಚುಮದ್ದು ದೊರೆತರೆ ಗುಣ ಕಾಣಬಹುದು. ತಡವಾದರೆ ಮರೆವು ಶಾಶ್ವತವಾದೀತು. ಹೆಚ್ಚು ಪಾಲಿಶ್ ಮಾಡಿದ ಅಕ್ಕಿಯಲ್ಲಿ ಈ ಜೀವಸತ್ವ ನಷ್ಟವಾಗಿರುತ್ತದೆ. ಕರಾವಳಿಯವರ ಕುಚ್ಚಲಕ್ಕಿಯಲ್ಲಿಯಾದರೋ, ಭತ್ತವನ್ನು ಬೇಯಿಸುವಾಗಲೇ ಅದು ಕಾಳಿನೊಳಕ್ಕೆ ಇಳಿದು ಬಹುಪಾಲು ಉಳಿಯುತ್ತದೆ.

ಗೃಹಸ್ಥರಿಗೆ ಎಚ್ಚರಿಕೆ

ರಕ್ತದ ಒತ್ತಡ ಹೆಚ್ಚಿರುವವರಲ್ಲಿ ಮಿದುಳಿನ ರಕ್ತಸ್ರಾವವು ಉಂಟಾಗುವ ಮುಖ್ಯ ತಾಣಗಳಲ್ಲಿ ಥಲಾಮಸೂ ಒಂದು. ಕೆಲವರಲ್ಲಿ ಒಂದೇ ಒಂದು ಸಣ್ಣ ರಕ್ತನಾಳವು ಎರಡೂ ಕಡೆಯ ಥಲಾಮಸಿಗೆ ರಕ್ತ ಒದಗಿಸುತ್ತದೆ. ಅದು ಕಟ್ಟಿಕೊಂಡರೆ ಕೈಕಾಲುಗಳ ಶಕ್ತಿ ಕುಂದದೆಯೂ ಅತಿಯಾದ ಮಂಪರು ಮತ್ತು ಮರೆವು ಬರಬಹುದು. ಊರಿನಿಂದ ಬಂದ ತಂದೆತಾಯಿಗಳು ನಿನ್ನೆಯವರೆಗೆ ಸರಿಯಾಗಿದ್ದು ಇಂದು ಹಠಾತ್ತನೆ ಮಂಕಾದರೆ, ಅದನ್ನು ವಯಸ್ಸಿನ ಅರಳುಮರಳೆಂದೋ ಪ್ರಯಾಣದ ಆಯಾಸವೆಂದೋ ಕಡೆಗಣಿಸುವುದುಂಟು. ಮುಪ್ಪಿನ ಮರೆವು ನಿಧಾನವಾಗಿ ಬರುತ್ತದೆ. ಒಂದೇ ದಿನದಲ್ಲಿ ಬರುವ ಮರೆವು ಆಸ್ಪತ್ರೆಯ ವಿಷಯ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಅದಕ್ಕೂ ಮೊದಲು ಸ್ರಾವವೋ ಹೆಪ್ಪೋ ಎಂಬುದನ್ನು ಸ್ಕ್ಯಾನಿನಿಂದ ತಿಳಿಯಬೇಕು. ಆದುದರಿಂದ ಲಕ್ಷಣ ಕಂಡ ಗಳಿಗೆಯನ್ನು ಬರೆದಿಟ್ಟುಕೊಂಡು ಕೂಡಲೇ ಹೊರಡಬೇಕು.

ರಕ್ತದ ಒತ್ತಡದ ಹತೋಟಿ, ಮಿತಾಹಾರ, ಮದ್ಯವರ್ಜನೆ ಇವು ಹೃದಯವನ್ನು ಮಾತ್ರವಲ್ಲ, ಹೆತ್ತವರ ಮುಖ, ಮಕ್ಕಳ ಹೆಸರು, ಬಿಟ್ಟುಬಂದ ಊರಿನ ದಾರಿ ಇವೆಲ್ಲವನ್ನೂ ಕಾಪಾಡುವ ಸಾಧನಗಳೆಂಬುದನ್ನು ಮರೆಯಲಾಗದು.