ಹೊಲಿಯಬಹುದು, ತೊಡಬಾರದು!

ಜೀನ್ಸ್ ಮೊದಲು ಅಮೆರಿಕದ ಗಣಿ ಕೂಲಿಯವರ, ದನಗಾಹಿಗಳ ಬಟ್ಟೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹರೆಯದವರ ಪಾಲಾಯಿತು. 1955ರ ‘ರೆಬೆಲ್ ವಿದೌಟ್ ಎ ಕಾಸ್’ ಚಿತ್ರದಲ್ಲಿ ಜೇಮ್ಸ್ ಡೀನ್ ತೊಟ್ಟಿದ್ದೂ ಅದನ್ನೇ. ಆ ಕಾಲದಲ್ಲಿ ಅಲ್ಲಿನ ಕೆಲವು ಶಾಲೆಗಳು ಜೀನ್ಸ್ ಬೇಡವೆಂದಿದ್ದವು!

ಈಗ ಬಳ್ಳಾರಿಯ ಎಷ್ಟೋ ಮನೆಗಳಿಗೆ ಅದೇ ಅನ್ನ. ಕತ್ತರಿಸಿದ ಬಟ್ಟೆಯ ಗಂಟು ಮನೆಗೇ ಬರುತ್ತೆ. ಜೇಬು, ಜಿಪ್ಪು, ಪಟ್ಟಿ, ಪೀಸಿಗಿಷ್ಟು ಅಂತ ಕೂಲಿ. ನಾನೂ ಹೊಲಿಯುತ್ತೇನೆ. ಬೆರಳಿನ ನೀಲಿ ಸೋಪಿಗೂ ಬಗ್ಗಲ್ಲ. ಸಿರುಗುಪ್ಪದಲ್ಲಿ ಓದುವ ಮಗಳ ಫೀಸು ಆ ದುಡ್ಡಿನದೇ.

ಕುರುಗೋಡಿನ ದೊಡ್ಡಬಸವೇಶ್ವರ ತೇರಿಗೆ ಅವಳು ಜೀನ್ಸ್ ಹಾಕಿ ಹೊರಟಾಗ ನಮ್ಮತ್ತೆ, “ಹೆಣ್ಮಕ್ಕಳಿಗೆ ಪ್ಯಾಂಟ್ ಯಾಕವ್ವಾ?” ಅಂದರು. ದುಡ್ಡು ಬೇಕು, ಪ್ಯಾಂಟು ಬೇಡ, ಇದ್ಯಾವ ನ್ಯಾಯ? “ನಾನೇ ಹೊಲಿದದ್ದು ಅತ್ತೀ” ಅಂದೆ. ಹೊಲಿಗೆ ಎಳೆದು ನೋಡಿ, “ಗಟ್ಟಿ ಐತಿ” ಅಂದರು. ಮಗಳು ಜೀನ್ಸಿನಲ್ಲೇ ತೇರಿಗೆ ಹೋದಳು.