ದೊಡ್ಡ ಕ್ಲಬ್ಬನ್ನು ತೂಗುವ ತಕ್ಕಡಿ ಯಾವುದು?

ಹಲಸೂರಿನ ಕೆರೆಗೆ ಅನತಿದೂರದಲ್ಲಿರುವ ಮರ್ಫಿ ಟೌನಿನ ಓಣಿಗಳಲ್ಲಿ ಸಂಜೆಯ ಹೊತ್ತು ನಡೆದುಹೋಗುವವರು ತುಸು ಎಚ್ಚರದಿಂದಿರಬೇಕು. ಯಾವ ತಿರುವಿನಿಂದ ಚೆಂಡು ಹಾರಿ ಬಂದೀತೆಂದು ಹೇಳಬರುವಂತಿಲ್ಲ. ಸಮೀಪದ ಗೌತಮಪುರದಲ್ಲಿ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯನ್ನೇ ಜನ ನಿಲ್ಲಿಸಿದ್ದಾರೆ. ಬೆಂಗಳೂರು ದಂಡಿನ ಈ ಭಾಗದಲ್ಲಿ ಕಾಲ್ಚೆಂಡಾಟವೆಂದರೆ ಅಷ್ಟು ಪ್ರೀತಿ.

ಮರ್ಫಿ ಟೌನಿನಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬ ಒಂದು ದಿನ ತರಗತಿ ಮುಗಿದ ಮೇಲೆ ನನ್ನ ಬಳಿಗೆ ಬಂದು, “ಸಾರ್, ನಮ್ಮ ತಾತ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿದ್ದರು. ಅಲ್ಲಿಯ ತಂಡ ಮೋಹನ್ ಬಗಾನನ್ನೇ ಸೋಲಿಸಿತ್ತು ಎನ್ನುತ್ತಾರೆ. ಹಾಗಾದರೆ ಅದೂ ದೊಡ್ಡ ಕ್ಲಬ್ಬೇ ಅಲ್ಲವೆ? ಗೆಳೆಯರು ನನ್ನ ಮಾತು ಕೇಳಿ ನಗುತ್ತಾರೆ” ಎಂದ. ಅವನ ದನಿಯಲ್ಲಿ ನೋವಿತ್ತು. ತಾತನ ಮಾತು ಸುಳ್ಳಾಗಿರಲಿಲ್ಲ. ದೇಶದ ಮೊಟ್ಟಮೊದಲ ಫೆಡರೇಷನ್ ಕಪ್ ಪಂದ್ಯಾವಳಿ 1977ರಲ್ಲಿ ಕೊಚ್ಚಿಯಲ್ಲಿ ನಡೆಯಿತು. ಅದರ ಅಂತಿಮ ಪಂದ್ಯದಲ್ಲಿ ಕೆ.ಆರ್. ಪುರದ ಬಳಿಯ ಈ ಕಾರ್ಖಾನೆಯ ತಂಡವೇ ಮೋಹನ್ ಬಗಾನನ್ನು ಸೋಲಿಸಿ ಕಪ್ಪನ್ನು ತಂದಿತು. ಆದರೆ ಇಂದು ದೇಶದ ಮೇಲ್ದರ್ಜೆಯ ಲೀಗುಗಳಲ್ಲಿ ಗೆದ್ದವರ ಹೆಸರಿಲ್ಲ. ಸೋತವರನ್ನು ಎಲ್ಲರೂ ದೊಡ್ಡ ಕ್ಲಬ್ಬೆನ್ನುತ್ತಾರೆ. ಇದೇಕೆ ಹೀಗೆ? ಭೌತಶಾಸ್ತ್ರವನ್ನು ಕಲಿಸುವ ನನಗೆ ಇದು ಅಳತೆಯ ಪ್ರಶ್ನೆಯಾಗಿ ಕಂಡಿತು.

ಗೆಲವು ಅಳತೆಗೋಲಾಗಬಲ್ಲುದೆ?

ಹೆಚ್ಚು ಕಪ್ಪುಗಳನ್ನು ಗೆದ್ದದ್ದೇ ದೊಡ್ಡದು ಎನ್ನುವವರುಂಟು. ಈ ಅಳತೆಗೋಲು ಎಷ್ಟು ನಂಬತಕ್ಕದ್ದೆಂಬುದನ್ನು ಮೊದಲು ಪರಿಶೀಲಿಸೋಣ. ಕಾಲ್ಚೆಂಡಾಟದಲ್ಲಿ ಗೋಲುಗಳು ಬಲು ವಿರಳ. ಒಂದೂವರೆ ಗಂಟೆಯ ಆಟದಲ್ಲಿ ಎರಡೂ ಕಡೆ ಸೇರಿ ಎರಡು ಮೂರು ಗೋಲುಗಳಾದರೆ ಹೆಚ್ಚು. ಹೀಗೆ ಆಗೊಮ್ಮೆ ಈಗೊಮ್ಮೆ ಸಂಭವಿಸುವ ಘಟನೆಗಳನ್ನು ಲೆಕ್ಕಹಾಕಲು ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ (1781-1840) ಒಂದು ಸೂತ್ರವನ್ನು ಕೊಟ್ಟಿದ್ದಾನೆ. ಒಂದು ತಂಡ ಸರಾಸರಿ ಎರಡು ಗೋಲು, ಎದುರಾಳಿ ಸರಾಸರಿ ಒಂದು ಗೋಲು ಹೊಡೆಯಬಲ್ಲುದೆಂದು ಇಟ್ಟುಕೊಳ್ಳಿ. ಮೊದಲನೆಯದು ಎರಡುಪಟ್ಟು ಬಲಿಷ್ಠ. ಆದರೂ ಸೂತ್ರದ ಪ್ರಕಾರ ನೂರು ಪಂದ್ಯಗಳಲ್ಲಿ ಅದು ಗೆಲ್ಲುವುದು ಸುಮಾರು 61ನ್ನು ಮಾತ್ರ. 21 ಪಂದ್ಯಗಳು ಸಮಸಮವಾಗುತ್ತವೆ. 18ರಲ್ಲಿ ದುರ್ಬಲ ತಂಡವೇ ಗೆಲ್ಲುತ್ತದೆ!

ಇನ್ನು ಸೋತವರು ಹೊರಬೀಳುವ ಪಂದ್ಯಾವಳಿಯನ್ನು ನೋಡೋಣ. ಸಮಸಮವಾದಾಗ ಇಬ್ಬರಿಗೂ ಅರ್ಧರ್ಧ ಅವಕಾಶವೆಂದು ಎಣಿಸಿದರೆ, ಬಲಿಷ್ಠ ತಂಡ ಒಂದು ಸುತ್ತನ್ನು ದಾಟುವ ಸಂಭಾವ್ಯತೆ 0.71. ಪ್ರತಿ ಸುತ್ತಿನಲ್ಲೂ ಇಂಥದೇ ಎದುರಾಳಿ ಸಿಕ್ಕಿದರೆ ನಾಲ್ಕು ಸುತ್ತುಗಳನ್ನೂ ದಾಟುವ ಸಂಭಾವ್ಯತೆ ಆ ಸಂಖ್ಯೆಯನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.25. ಎರಡುಪಟ್ಟು ಬಲವಿದ್ದರೂ ಕಪ್ಪು ಕೈಸೇರುವುದು ನಾಲ್ಕಕ್ಕೊಂದು ಸಲ! ಆದ್ದರಿಂದ ಒಂದು ಕಪ್ಪಿನಿಂದ ಹಿರಿತನವನ್ನು ನಿರ್ಧರಿಸುವುದು ಒಂದೇ ಸಲ ತೂಗಿ ಫಲಿತಾಂಶವನ್ನು ಬರೆದಿಡುವ ಅವಸರದ ವಿದ್ಯಾರ್ಥಿಯ ಪ್ರಯೋಗದಂತೆ. ಹಲವು ಪಂದ್ಯಗಳ ಲೀಗಿನಲ್ಲಿ ಅದೃಷ್ಟದ ಏರುಪೇರುಗಳು ಬಹಳಮಟ್ಟಿಗೆ ಸರಿತೂಗುತ್ತವೆ, ನಿಜ. ಆದರೆ ಲೀಗು ಅಳೆಯುವುದು ಆ ವರ್ಷದ ಬಲವನ್ನು. ಬಲವೂ ಹಿರಿತನವೂ ಒಂದೇ ಅಲ್ಲ.

ಎರಡು ಚೆಂಡುಗಳು

ಈ ಭೇದವನ್ನು ಚೆಂಡಿನಿಂದಲೇ ತಿಳಿಯಬಹುದು. ನಿಯಮಕ್ಕೆ ಒಪ್ಪುವ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರು, ತೂಕ 410ರಿಂದ 450 ಗ್ರಾಂ. ಅಷ್ಟೇ ಗಾತ್ರದ ಪ್ಲಾಸ್ಟಿಕ್ ಚೆಂಡನ್ನು ಅಂಗಡಿಯಿಂದ ತನ್ನಿ. ಎರಡನ್ನೂ ಒದ್ದು ನೋಡಿ. ಪ್ಲಾಸ್ಟಿಕ್ ಚೆಂಡು ಹೊರಡುವಾಗ ರಭಸದಿಂದಲೇ ಹೊರಡುತ್ತದೆ. ಆದರೆ ಹತ್ತಾರು ಹೆಜ್ಜೆಯೊಳಗೆ ಸೊರಗಿ ಬೀಳುತ್ತದೆ. ಒಂದೇ ಗಾತ್ರದ ಚೆಂಡುಗಳು ಒಂದೇ ವೇಗದಲ್ಲಿ ಸಾಗುವಾಗ ಗಾಳಿಯ ತಡೆ ಎರಡಕ್ಕೂ ಹೆಚ್ಚುಕಡಿಮೆ ಸಮವಾಗಿರುತ್ತದೆ. ಆದರೆ ಆ ತಡೆಯನ್ನು ಎದುರಿಸಿ ಮುನ್ನಡೆಯಲು ಬೇಕಾದ ದ್ರವ್ಯರಾಶಿ ಹಗುರವಾದ ಚೆಂಡಿಗಿಲ್ಲ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮಗಳ ಸಾರ ಇದೇ: ದ್ರವ್ಯರಾಶಿ ಹೆಚ್ಚಿದಷ್ಟೂ ಜಡತ್ವ ಹೆಚ್ಚು, ಜಡತ್ವ ಹೆಚ್ಚಿದಷ್ಟೂ ಚಲನೆಯನ್ನು ಬದಲಿಸುವುದು ಕಷ್ಟ. ಚೆಂಡು ಕಾಲಿನಿಂದ ಬೇರ್ಪಟ್ಟ ಮೇಲೆಯೇ ಅದರ ತೂಕದ ಪರೀಕ್ಷೆ.

ಕ್ಲಬ್ಬಿನ ಗೆಲವು ವೇಗವಿದ್ದಂತೆ, ಹಿರಿತನ ದ್ರವ್ಯರಾಶಿಯಿದ್ದಂತೆ. ಗೆಲವೆಂಬ ಒದೆತ ನಿಂತ ಮೇಲೂ ಎಷ್ಟು ಜನ ಜೊತೆಯಲ್ಲಿ ಉಳಿದರು ಎಂಬುದೇ ಅದರ ಅಳತೆ. ಮೋಹನ್ ಬಗಾನ್ ಸ್ಥಾಪನೆಯಾದದ್ದು 1889ರಲ್ಲಿ. ಬರಿಗಾಲಿನ ಆಟಗಾರರಿದ್ದ ಅದರ ತಂಡ 1911ರಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದದ್ದು ದೇಶಕ್ಕೆಲ್ಲ ತಿಳಿದ ಕಥೆ. ಆದರೆ ನಮಗೆ ಇಲ್ಲಿ ಮುಖ್ಯವಾದುದು ಗೆಲವಿಲ್ಲದ ಕಾಲ. 2002ರ ತರುವಾಯ ಹದಿಮೂರು ವರ್ಷ ಅದಕ್ಕೆ ರಾಷ್ಟ್ರೀಯ ಲೀಗಿನ ಪ್ರಶಸ್ತಿ ದೊರೆಯಲಿಲ್ಲ. ಕಡೆಗೆ 2015ರ ಮೇ 31ರಂದು, ನಮ್ಮ ಕಂಠೀರವ ಕ್ರೀಡಾಂಗಣದಲ್ಲಿಯೇ ಬೆಂಗಳೂರು ಎಫ್.ಸಿ.ಯೊಡನೆ 1-1ರಲ್ಲಿ ಸಮಮಾಡಿಕೊಂಡು ಅದು ಐ-ಲೀಗನ್ನು ಪಡೆಯಿತು. ಆ ಹದಿಮೂರು ವರ್ಷ ಬಂಗಾಳದ ಜನ ಅದನ್ನು ಬಿಟ್ಟುಹೋಗಿರಲಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ 1979 ಮತ್ತು 1980ರಲ್ಲಿ ಯುರೋಪಿನ ಕಪ್ಪನ್ನೇ ಗೆದ್ದು, ಮುಂದೆ ಮೂರನೆಯ ದರ್ಜೆಗೆ ಇಳಿದು, 2022ರಲ್ಲಿ ಮತ್ತೆ ಮೊದಲ ದರ್ಜೆಗೆ ಏರಿತು. ಅದರ ಕಥೆಯೂ ಇದೇ ಜಾತಿಯದು.

ನಮ್ಮ ದ್ರವ್ಯರಾಶಿ ಎಲ್ಲಿ ಹೋಯಿತು?

ಹಾಗೆಂದು ನಮ್ಮ ಊರಿಗೆ ಸತ್ತ್ವವಿರಲಿಲ್ಲವೆಂದು ಯಾರೂ ತಿಳಿಯಬಾರದು. ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು, ಪರಂಗಿ ಸೈನಿಕ ತಂಡಗಳ ಸಾಲನ್ನು ಮುರಿದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷವೂ ಅದೇ ಗೆದ್ದಿತು. ಸ್ವತಂತ್ರ ಭಾರತದ ಪರವಾಗಿ ಒಲಿಂಪಿಕ್ಸ್‌ನಲ್ಲಿ ಮೊದಲ ಗೋಲನ್ನು, 1948ರ ಲಂಡನ್ನಿನಲ್ಲಿ ಫ್ರಾನ್ಸಿನ ಎದುರು, ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತ್ತು, ನಾಲ್ಕನೆಯದು 1968-69ರಲ್ಲಿ. ಆಮೇಲೆ ಕರ್ನಾಟಕಕ್ಕೆ ಅದು ಮತ್ತೆ ದೊರೆತದ್ದು 2023ರ ಮಾರ್ಚಿನಲ್ಲಿ, ದೂರದ ರಿಯಾದಿನಲ್ಲಿ.

ಇಷ್ಟಿದ್ದೂ ದೊಡ್ಡ ಕ್ಲಬ್ಬು ಇಲ್ಲಿ ಏಕೆ ಬೆಳೆಯಲಿಲ್ಲ? ನನಗೆ ಎರಡು ಕಾರಣಗಳು ತೋರುತ್ತವೆ. ಮೊದಲನೆಯದು ಗುರುತ್ವಾಕರ್ಷಣ. ದೊಡ್ಡ ದ್ರವ್ಯರಾಶಿ ಸುತ್ತಲಿನದನ್ನು ತನ್ನತ್ತ ಸೆಳೆಯುತ್ತದೆ, ಸೆಳೆದಂತೆಲ್ಲ ಇನ್ನೂ ದೊಡ್ಡದಾಗುತ್ತದೆ. ಬೆಂಗಳೂರಿನ ಅಹಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ಜನ ‘ಪಂಚಪಾಂಡವರು’ ಎಂದು ಕರೆದ ಐವರು ಮುನ್ನಡೆ ಆಟಗಾರರಲ್ಲಿ ಒಬ್ಬರಾದರು. ಅವರ ಆಟದ ಸೊಬಗು ಈಸ್ಟ್ ಬೆಂಗಾಲಿನ ತೂಕವನ್ನು ಹೆಚ್ಚಿಸಿತು.

ಎರಡನೆಯ ಕಾರಣ ಜನರ ಅಂಟು. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್, ದೇಶವಿಭಜನೆಯ ಬಳಿಕ ಮನೆಮಠ ಬಿಟ್ಟು ಬಂದ ಪೂರ್ವಬಂಗಾಳದವರಿಗೆ ಕಳೆದುಕೊಂಡ ಊರಿನ ಹೆಸರೇ ಆಯಿತು. ಅಂಥ ಹೆಸರು ತಂದೆಯಿಂದ ಮಗನಿಗೆ ಆಸ್ತಿಯಂತೆ ಬರುತ್ತದೆ. ನಮ್ಮಲ್ಲಿ ಬಲಿಷ್ಠ ತಂಡಗಳನ್ನು ಸಾಕಿದವು ಕಾರ್ಖಾನೆಗಳೂ ಸೇನೆಯ ವಿಭಾಗಗಳೂ. ಅವು ಓಣಿಯ ಹುಡುಗರಿಗೆ ಕೆಲಸ ಕೊಟ್ಟವು, ಸಂಸಾರಕ್ಕೆ ಆಸರೆಯಾದವು. ಇದು ಸಣ್ಣ ಉಪಕಾರವಲ್ಲ. ಆದರೆ ತಂಡದ ಜೀವ ಕಾರ್ಖಾನೆಯ ಜೀವಕ್ಕೆ ಕಟ್ಟಿಹೋಗಿತ್ತು. ಕಾರ್ಖಾನೆಯ ಉತ್ಕರ್ಷ ತಗ್ಗಿ ಹೊಸಬರ ನೇಮಕ ವಿರಳವಾದಾಗ ತಂಡಕ್ಕೆ ಒದೆತ ನಿಂತಿತು. ಮರ್ಫಿ ಟೌನಿನ ಜನ ಆಟವನ್ನೂ ಆಟಗಾರನನ್ನೂ ಪ್ರೀತಿಸಿದರು. ಆ ಪ್ರೀತಿ ಯಾವ ಒಂದು ಕ್ಲಬ್ಬಿನ ಹೆಸರಿನಲ್ಲಿಯೂ ಶೇಖರವಾಗಲಿಲ್ಲ. ಆಕಾಶದಲ್ಲಿ ಚೆದುರಿದ ಅನಿಲದ ಮೋಡದಲ್ಲಿ ಹಲವು ಸೂರ್ಯರಿಗಾಗುವಷ್ಟು ದ್ರವ್ಯವಿರಬಹುದು; ಒಂದೆಡೆ ಕೂಡಿಕೊಳ್ಳುವವರೆಗೆ ಅದು ನಕ್ಷತ್ರವಾಗಿ ಹೊಳೆಯಲಾರದು.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಈ ದೃಷ್ಟಿಯಿಂದ ಸ್ವಾರಸ್ಯದ ಪ್ರಯೋಗ. ಮೊದಲ ವರ್ಷವೇ ಐ-ಲೀಗನ್ನು ಗೆದ್ದು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು. ವೇಗ ಇದ್ದೇ ಇತ್ತು. ಇಂಡಿಯನ್ ಸೂಪರ್ ಲೀಗಿನ 2023-24ರ ಸಾಲಿನಲ್ಲಿ ಅದು ಹನ್ನೆರಡು ತಂಡಗಳಲ್ಲಿ ಹತ್ತನೆಯದಾಯಿತು. ಮರುವರ್ಷ ಅಂತಿಮ ಪಂದ್ಯಕ್ಕೆ ಏರಿತು. ಕಂಠೀರವದ ಪಶ್ಚಿಮದ ಸಾಲುಗಳಲ್ಲಿ ಕುಳಿತು ಹಾಡುವವರು ಆ ಹತ್ತನೆಯ ಸ್ಥಾನದ ದಿನಗಳಲ್ಲಿಯೂ ಬಂದವರಾದರೆ, ತೂಕ ಕೂಡಿಕೊಳ್ಳುತ್ತಿದೆ ಎಂದೇ ಅರ್ಥ.

ನನ್ನ ವಿದ್ಯಾರ್ಥಿಗೆ ಇಷ್ಟು ಹೇಳಿದೆ: “ನಿಮ್ಮ ತಾತನ ತಂಡ ಬಲಿಷ್ಠವಾಗಿತ್ತು, ಆ ದಿನ ದೇಶಕ್ಕೇ ಮೊದಲನೆಯದಾಗಿತ್ತು. ಅದನ್ನು ಯಾರೂ ಅಳಿಸಲಾರರು. ದೊಡ್ಡದಾಗಲಿಲ್ಲವೆಂದರೆ ಅದು ಆಟಗಾರರ ಕೊರತೆಯಲ್ಲ. ಆ ಭಾಗ ಮೈದಾನದ ಹೊರಗೆ ನಿಂತವರ ಕೆಲಸ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅದು ನಮ್ಮ ಕೆಲಸ, ಸಾರ್” ಎಂದ.

ವಾಚಕರೂ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಇದಕ್ಕೆ ಯಾವ ಉಪಕರಣವೂ ಬೇಡ. ನಿಮ್ಮ ಊರಿನ ತಂಡ ಸೋತ ದಿನ ಮೈದಾನದ ಬಳಿ ನಿಂತು, ಎಷ್ಟು ಜನ ಅದರ ಹಿಂದೆಯೇ ನಡೆದುಹೋಗುತ್ತಾರೆಂದು ಎಣಿಸಿರಿ. ಮುಂದಿನ ವಾರ ಮತ್ತೆ ಎಣಿಸಿರಿ. ಎಣಿಕೆಯಲ್ಲಿ ನಿಮ್ಮನ್ನೂ ಸೇರಿಸಿಕೊಳ್ಳಲು ಮರೆಯಬೇಡಿ.