ಹಳೆಯ ಲಾರಿಯ ದೀಪಗಳ ಸುಧಾರಣೆ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಲಾರಿಯು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದೂರವನ್ನು ಕ್ರಮಿಸುತ್ತದೆ. ಕತ್ತಲೆಯಲ್ಲಿ ರಸ್ತೆಯಂಚಿಗೆ ನಿಂತ ಎತ್ತಿನ ಗಾಡಿಯು ಚಾಲಕನ ಕಣ್ಣಿಗೆ ಒಂದು ಕ್ಷಣ ತಡವಾಗಿ ಬಿದ್ದರೂ ಆಗಬಹುದಾದ ಅನಾಹುತವನ್ನು ವಿವರಿಸಬೇಕಾದುದಿಲ್ಲ. ಆದುದರಿಂದ ಮಂಕಾದ ಹೆಡ್‌ಲೈಟುಗಳನ್ನು ಪ್ರಖರಗೊಳಿಸಲು ಮಾಲೀಕರು ಹೆಚ್ಚು ವ್ಯಾಟಿನ ಬಲ್ಬನ್ನು ಕೊಂಡು ತರುವುದು ರೂಢಿ. ಆದರೆ ಎಷ್ಟೋ ಹಳೆಯ ಲಾರಿಗಳಲ್ಲಿ ದೋಷವಿರುವುದು ಬಲ್ಬಿನಲ್ಲಲ್ಲ, ಅದಕ್ಕೆ ವಿದ್ಯುತ್ತನ್ನು ಒಯ್ಯುವ ತಂತಿಯಲ್ಲಿ.

ಹಳೆಯ ವಾಹನಗಳಲ್ಲಿ ದೀಪದ ವಿದ್ಯುತ್ತೆಲ್ಲವೂ ಡ್ಯಾಶ್‌ಬೋರ್ಡಿನ ಸ್ವಿಚ್ಚು, ಡಿಪ್ಪರ್ ಇವುಗಳನ್ನು ಸುತ್ತಿಕೊಂಡು ಬರಬೇಕು. ತಂತಿ ಸಣ್ಣದು, ದಾರಿ ಉದ್ದ, ಜೋಡಣೆಗಳಲ್ಲಿ ಕಿಲುಬು. ಹೀಗೆ ಬಲ್ಬನ್ನು ಮುಟ್ಟುವಷ್ಟರಲ್ಲಿ ವೋಲ್ಟೇಜು ನೂರಕ್ಕೆ ಹತ್ತರಷ್ಟು ಕುಸಿದರೆ ಬೆಳಕು ಹತ್ತರಷ್ಟಲ್ಲ, ಸುಮಾರು ಮೂವತ್ತರಷ್ಟು ಕುಗ್ಗುತ್ತದೆ. ಇದೇ ತಂತಿಗೆ 100 ವ್ಯಾಟಿನ ಬಲ್ಬುಗಳೆರಡನ್ನು ಜೋಡಿಸಿದರೆ, 12 ವೋಲ್ಟಿನ ಲಾರಿಯಲ್ಲಿ ಸುಮಾರು 17 ಆಂಪಿಯರ್ ಹರಿಯಬೇಕಾಗಿ ಬಂದು, ಕುಸಿತವು ಇನ್ನೂ ಹೆಚ್ಚುತ್ತದೆ. ಸ್ವಿಚ್ಚು ಕಾದು ಕರಗುವುದೂ ಉಂಟು.

ಇದಕ್ಕೆ ಪರಿಹಾರವೆಂದರೆ ರಿಲೇ. ವಿದ್ಯುತ್ಕಾಂತದಿಂದ ಕೆಲಸ ಮಾಡುವ ಈ ಪುಟ್ಟ ಸಾಧನವನ್ನು ದೀಪಗಳ ಸಮೀಪದಲ್ಲಿಟ್ಟು, ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿಯೊಂದನ್ನು ಫ್ಯೂಸಿನ ಮೂಲಕ ಅದಕ್ಕೆ ತರಬೇಕು. ಬ್ರೈಟಿಗೊಂದು, ಡಿಮ್ಮಿಗೊಂದು ರಿಲೇ ಬೇಕು. ಹಳೆಯ ಸ್ವಿಚ್ಚು ಆಗ ರಿಲೇಗೆ ಆಜ್ಞೆಯನ್ನಷ್ಟೇ ಕೊಡುತ್ತದೆ, ಭಾರವನ್ನು ಹೊರುವುದಿಲ್ಲ. ಹಾರ್ನಿಗೆ ತಪ್ಪದೆ ರಿಲೇ ಹಾಕಿಸುವವರು ದೀಪವನ್ನು ಮರೆಯುವುದು ವಿಚಿತ್ರವೇ ಸರಿ! ತುಕ್ಕು ಹಿಡಿದ ಅರ್ಥ್ ಜೋಡಣೆಯನ್ನೂ ಉಜ್ಜಿ ಬಿಗಿಗೊಳಿಸಬೇಕು.

ಬಲ್ಬಿನ ಸರದಿ ಅನಂತರದ್ದು. 1971ರಲ್ಲಿ ಬಂದ ಎಚ್-4 ಹ್ಯಾಲೊಜೆನ್ ಬಲ್ಬಿನೊಳಗೆ ಎರಡು ತಂತುಗಳಿವೆ. ಡಿಮ್ ತಂತುವಿನ ಕೆಳಗಿರುವ ಲೋಹದ ಸಣ್ಣ ಮರೆಯು, ಬೆಳಕು ಎದುರಿನವರ ಕಣ್ಣಿನೆತ್ತರಕ್ಕೆ ಏಳದಂತೆ ತಡೆಯುತ್ತದೆ. ಪ್ರತಿಫಲಕದ ಆಕಾರವು ಆ ತಂತುವಿನ ಸ್ಥಾನಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದಿಕೊಂಡಿದೆ. ಅದೇ ಗೂಡಿಗೆ ಅಗ್ಗದ ಎಲ್‌ಇಡಿ ಬಲ್ಬನ್ನು ತುರುಕಿದರೆ ಬೆಳಕು ಅಡ್ಡಾದಿಡ್ಡಿಯಾಗಿ ಚೆದರಿ, ತನ್ನ ರಸ್ತೆಗಿಂತ ಎದುರಿನ ಚಾಲಕನ ಕಣ್ಣಿಗೇ ಹೆಚ್ಚು ಬೀಳಬಹುದು. ಪ್ರತಿಫಲಕದ ಹೊಳಪು ಮಾಸಿದ್ದರೆ ದೀಪದ ಗೂಡನ್ನೇ ಬದಲಿಸುವುದು ಲೇಸು. ಹಾಗೆ ಕೊಳ್ಳುವಾಗ ಅದು ಎಡಬದಿಯ ಸಂಚಾರಕ್ಕೆ ತಯಾರಾದುದೇ ಎಂಬುದನ್ನು ವಿಚಾರಿಸಬೇಕು; ಬಲಬದಿಯಲ್ಲಿ ಓಡುವ ದೇಶಗಳ ದೀಪವು ಬಲಕ್ಕೆ ಎತ್ತರಿಸಿ ಬೆಳಕು ಚೆಲ್ಲುತ್ತದೆ.

ಕೊನೆಯದಾಗಿ ದಿಕ್ಕು ಹೊಂದಿಸುವ ಕೆಲಸ. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರದಲ್ಲಿ ಲಾರಿಯನ್ನು ನಿಲ್ಲಿಸಿದಾಗ, ಡಿಮ್ ಬೆಳಕಿನ ಮೇಲಂಚು ದೀಪದ ಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಸರಕು ತುಂಬಿದಾಗ ಹಿಂಭಾಗ ತಗ್ಗಿ ಮೂತಿ ಮೇಲೇಳುವುದರಿಂದ, ಈ ಪರೀಕ್ಷೆಯನ್ನು ತುಂಬಿದ ಲಾರಿಯಲ್ಲಿಯೇ ಮಾಡತಕ್ಕದ್ದು.